ಭಯದ ರಾಜಕೀಯ ಮತ್ತು ಅಮೇರಿಕದ ಜನಮನ

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಭಯೋತ್ಪಾದನೆಯ ಕುರಿತು ನಮ್ಮಲ್ಲಿ ನಡೆಯುವ ಚರ್ಚೆಗಳಲ್ಲಿ ‘ಅಮೇರಿಕ’ ಎಂಬ ಪದವನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಅಮೇರಿಕ ದಾಳಿ ಮಾಡಿತು, ಅಮೇರಿಕ ಸುಳ್ಳು ಹೇಳಿತು, ಅಮೇರಿಕಕ್ಕೆ ಮುಸ್ಲಿಮರೆಂದರೆ ಆಗದು ಎನ್ನುತ್ತೇವೆ. ಇಲ್ಲಿ ಅಮೇರಿಕ ಎಂದರೆ ಯಾರು? ಶ್ವೇತಭವನವೇ, ಸೇನೆಯೇ, ಟಿ.ವಿ. ಚಾನೆಲ್‌ಗಳೇ ಅಥವಾ ಮೂವತ್ತು ಕೋಟಿಗೂ ಮಿಕ್ಕಿದ ಆ ದೇಶದ ಸಾಮಾನ್ಯ ಜನರೇ? ಕೆಲವೇ ವ್ಯಕ್ತಿಗಳ ದುಷ್ಕೃತ್ಯಕ್ಕಾಗಿ ಒಂದಿಡೀ ಸಮುದಾಯವನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಬಾರದೆಂದು ನಾವು ದಿನವೂ ವಾದಿಸುತ್ತೇವೆ. ಆದರೆ ಇನ್ನೊಂದು ಜನತೆಯ ಕುರಿತು ಮಾತಾಡುವಾಗ ಅದೇ ವಾದವನ್ನು ಮರೆತುಬಿಡುತ್ತೇವೆ.

ಆದ್ದರಿಂದ ಇಂದು ನಾನು ಆ ದೇಶದ ಸರಕಾರಕ್ಕಿಂತ ಹೆಚ್ಚಾಗಿ ಅಲ್ಲಿನ ಜನಾಭಿಪ್ರಾಯದ ಕುರಿತು ಮಾತಾಡಲು ಬಯಸುತ್ತೇನೆ. ಭಯೋತ್ಪಾದನೆಯ ಬಗ್ಗೆ ಅಮೇರಿಕನ್ನರ ಅಭಿಪ್ರಾಯ ಹೇಗೆ ರೂಪುಗೊಂಡಿತು? ಅದನ್ನು ರೂಪಿಸಿದವರು ಯಾರು? ಇಡೀ ದೇಶವನ್ನು ಒಂದುಗೂಡಿಸಿದ್ದ ಒಂದು ದುರಂತವು ಎರಡೇ ದಶಕಗಳಲ್ಲಿ ಆ ದೇಶವನ್ನು ಇಬ್ಭಾಗ ಮಾಡುವ ವಿಷಯವಾಗಿ ಮಾರ್ಪಟ್ಟದ್ದು ಹೇಗೆ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿದರೆ ಅದರಲ್ಲಿ ನಮಗೂ ಪಾಠವಿದೆ.

ಒಂದು ಹಳೆಯ ಘಟನೆಯಿಂದ ಆರಂಭಿಸೋಣ. 1995ರ ಎಪ್ರಿಲ್ 19ರಂದು ಒಕ್ಲಹೋಮ ನಗರದ ಸರಕಾರಿ ಕಟ್ಟಡವೊಂದರ ಮುಂದೆ ಸ್ಫೋಟಕ ತುಂಬಿದ ಟ್ರಕ್ ಸಿಡಿಯಿತು. 168 ಮಂದಿ ಸತ್ತರು. ಅವರಲ್ಲಿ 19 ಮಕ್ಕಳಿದ್ದರು. ಮೊದಲ ಕೆಲವು ಗಂಟೆಗಳಲ್ಲಿ ಅಲ್ಲಿನ ಚಾನೆಲ್‌ಗಳಲ್ಲಿ ಮಾತಾಡಿದ ಅನೇಕ ‘ತಜ್ಞರು’ ಮಧ್ಯಪೂರ್ವದ ಕಡೆಗೆ ಬೆರಳು ತೋರಿಸಿದರು. ಆದರೆ ಸಿಕ್ಕಿಬಿದ್ದವನು ತಿಮೊಥಿ ಮೆಕ್‌ವೇ. ಆತ ಅಮೇರಿಕದಲ್ಲೇ ಹುಟ್ಟಿದವನು, ಬಿಳಿಯ, 1991ರ ಕೊಲ್ಲಿ ಯುದ್ಧದಲ್ಲಿ ಹೋರಾಡಿದ ಮಾಜಿ ಸೈನಿಕ. 2001ರ ಜೂನ್ 11ರಂದು ಅವನನ್ನು ಗಲ್ಲಿಗೇರಿಸುವ ಬದಲು ವಿಷದ ಚುಚ್ಚುಮದ್ದು ನೀಡಿ ಮರಣದಂಡನೆಗೆ ಗುರಿಪಡಿಸಲಾಯಿತು. ಅವನ ಕೃತ್ಯಕ್ಕಾಗಿ ಯಾರೂ ಬಿಳಿಯರನ್ನಾಗಲಿ, ಮಾಜಿ ಸೈನಿಕರನ್ನಾಗಲಿ ಸಂಶಯದಿಂದ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಅಪರಾಧಕ್ಕೆ ಅಪರಾಧಿಯೇ ಹೊಣೆ ಎಂಬ ಸರಳ ನ್ಯಾಯವನ್ನು ಅಮೇರಿಕನ್ನರು ಅರಿತಿದ್ದರು ಎಂಬುದಕ್ಕೆ ಇದುವೇ ಸಾಕ್ಷಿ. ಮುಂದಿನ ವರ್ಷಗಳಲ್ಲಿ ಉದ್ಭವಿಸಿದ ಪ್ರಶ್ನೆಯೆಂದರೆ, ಈ ನ್ಯಾಯವನ್ನು ಎಲ್ಲರಿಗೂ ಅನ್ವಯಿಸಲಾಗುತ್ತದೆಯೇ ಎಂಬುದು.

ಒಗ್ಗಟ್ಟಿನ ಆ ದಿನಗಳು

ಮೆಕ್‌ವೇಯ ಮರಣದಂಡನೆಯಾದ ಮೂರೇ ತಿಂಗಳಲ್ಲಿ, 2001ರ ಸೆಪ್ಟೆಂಬರ್ 11ರಂದು ವಿಶ್ವ ವಾಣಿಜ್ಯ ಕೇಂದ್ರ ಮತ್ತು ಪೆಂಟಗಾನ್‌ನ ಮೇಲೆ ದಾಳಿ ನಡೆಯಿತು. ಸುಮಾರು ಮೂರು ಸಾವಿರ ಅಮಾಯಕರು ಪ್ರಾಣ ಕಳಕೊಂಡರು. ಸತ್ತವರಲ್ಲಿ ಮುಸ್ಲಿಮರೂ ಇದ್ದರು. ಆ ಕೃತ್ಯವನ್ನು ಯಾವ ವಾದದಿಂದಲೂ ಸಮರ್ಥಿಸಲಾಗದು ಎಂಬುದನ್ನು ಸ್ಪಷ್ಟವಾಗಿ ಹೇಳಿಯೇ ನಾವು ಮುಂದಿನ ಮಾತನ್ನು ಆಡಬೇಕು.

ದಾಳಿಗೆ ಮುನ್ನ ಗ್ಯಾಲಪ್ ಸಮೀಕ್ಷೆಯಲ್ಲಿ ಅಧ್ಯಕ್ಷ ಬುಶ್‌ರನ್ನು ಮೆಚ್ಚಿದವರು ಶೇ. 51 ಮಾತ್ರ. ಅದೇ ತಿಂಗಳು ಮುಗಿಯುವುದರೊಳಗೆ ಅದು ಶೇ. 90ಕ್ಕೆ ಏರಿತು. ಎಂಟೇ ತಿಂಗಳ ಹಿಂದೆ ಚುನಾವಣೆಯ ಮತ ಎಣಿಕೆಯ ವಿವಾದವು ಸುಪ್ರೀಮ್ ಕೋರ್ಟಿನವರೆಗೆ ಹೋಗಿ, ಅರ್ಧದಷ್ಟು ಜನರ ಅಸಮಾಧಾನದ ನಡುವೆ ಅಧಿಕಾರ ಹಿಡಿದಿದ್ದ ವ್ಯಕ್ತಿಯ ಹಿಂದೆ ಇಡೀ ದೇಶ ನಿಂತಿತು. ಭಯವು ಜನರನ್ನು ನಾಯಕನ ಹಿಂದೆ ಒಟ್ಟುಗೂಡಿಸುತ್ತದೆ.

ಸೆಪ್ಟೆಂಬರ್ 14ರಂದು ಸೇನಾಬಲವನ್ನು ಬಳಸಲು ಅಧ್ಯಕ್ಷರಿಗೆ ಅಧಿಕಾರ ನೀಡುವ ನಿರ್ಣಯವು ಸಂಸತ್ತಿನ ಮುಂದೆ ಬಂತು. ಸೆನೆಟ್‌ನಲ್ಲಿ 98 ಮತಗಳು ಪರ, ವಿರುದ್ಧ ಒಂದೂ ಇಲ್ಲ. ಕೆಳಮನೆಯಲ್ಲಿ 420 ಪರ, ವಿರುದ್ಧ ಕೇವಲ ಒಂದು. ಆ ಒಂದು ಮತ ಕ್ಯಾಲಿಫೋರ್ನಿಯದ ಕರಿಯ ಮಹಿಳೆ ಬಾರ್ಬರಾ ಲೀ ಅವರದಾಗಿತ್ತು. ದುಃಖದ ಈ ಹೊತ್ತಿನಲ್ಲಿ ತುಸು ನಿಂತು ಯೋಚಿಸೋಣ, ಕೊನೆಯಿಲ್ಲದ ಯುದ್ಧಕ್ಕೆ ಬಾಗಿಲು ತೆರೆಯುವುದು ಬೇಡ ಎಂಬುದು ಅವರ ವಿನಂತಿಯಾಗಿತ್ತು. ಅವರನ್ನು ದೇಶದ್ರೋಹಿ ಎನ್ನಲಾಯಿತು. ಕೊಲೆ ಬೆದರಿಕೆಗಳು ಬಂದವು, ಪೋಲೀಸ್ ರಕ್ಷಣೆ ನೀಡಬೇಕಾಯಿತು. ಆದರೆ ಅವರ ಕ್ಷೇತ್ರದ ಮತದಾರರು ಅವರನ್ನು ಮತ್ತೆ ಮತ್ತೆ ಆರಿಸಿ ಕಳುಹಿಸಿದರು. ಒಂದೂವರೆ ತಿಂಗಳ ಬಳಿಕ ‘ಪೇಟ್ರಿಯಟ್’ ಕಾನೂನು ಬಂದಾಗ ಸೆನೆಟ್‌ನಲ್ಲಿ ಅದನ್ನು ವಿರೋಧಿಸಿದವರೂ ಒಬ್ಬರೇ, ರಸ್ ಫೈನ್‌ಗೋಲ್ಡ್. ಈ ಇಬ್ಬರ ಧರ್ಮ, ಜನಾಂಗ ಯಾವುದೂ ನಮ್ಮದಲ್ಲ. ಆದರೆ ನ್ಯಾಯದ ಪಕ್ಷದಲ್ಲಿ ಒಂಟಿಯಾಗಿ ನಿಲ್ಲುವುದೆಂದರೇನೆಂದು ಅವರು ತೋರಿಸಿಕೊಟ್ಟರು.

ಈಗ ನಿಮಗೆ ಅಚ್ಚರಿಯೆನಿಸಬಹುದಾದ ಒಂದು ಅಂಕಿ ಅಂಶವನ್ನು ಹೇಳುತ್ತೇನೆ. 2001ರ ಮಾರ್ಚ್‌ನಲ್ಲಿ, ಅಂದರೆ ದಾಳಿಗಿಂತ ಮೊದಲು, ಅಮೇರಿಕದ ಮುಸ್ಲಿಮರ ಬಗ್ಗೆ ಒಳ್ಳೆಯ ಅಭಿಪ್ರಾಯವಿದ್ದವರು ಪ್ಯೂ ಸಮೀಕ್ಷೆಯ ಪ್ರಕಾರ ಶೇ. 45. ದಾಳಿಯ ನಂತರ, ಅದೇ ವರ್ಷದ ನವೆಂಬರ್‌ನಲ್ಲಿ ಅದು ಕುಸಿಯಲಿಲ್ಲ. ಬದಲಾಗಿ ಶೇ. 59ಕ್ಕೆ ಏರಿತು. ಅತ್ಯಂತ ಹೆಚ್ಚಿನ ಏರಿಕೆ ಕಂಡುಬಂದದ್ದು ಸಂಪ್ರದಾಯವಾದಿ ರಿಪಬ್ಲಿಕನ್ನರಲ್ಲಿ. ಕಾರಣವನ್ನು ಊಹಿಸುವುದು ಕಷ್ಟವಲ್ಲ. ದಾಳಿಯಾದ ಆರನೆಯ ದಿನ ಬುಶ್ ವಾಷಿಂಗ್ಟನ್ನಿನ ಇಸ್ಲಾಮಿಕ್ ಕೇಂದ್ರಕ್ಕೆ ಭೇಟಿ ನೀಡಿದರು. ಇಸ್ಲಾಮ್ ಶಾಂತಿಯ ಧರ್ಮ, ನಮ್ಮ ಮುಸ್ಲಿಮ್ ನೆರೆಯವರನ್ನು ಗೌರವದಿಂದ ಕಾಣಿರಿ ಎಂಬ ಅರ್ಥದ ಮಾತುಗಳನ್ನಾಡಿದರು. ಅವರ ಬೆಂಬಲಿಗರು ಆ ಮಾತನ್ನು ಕೇಳಿದರು. ಇರಾಕಿನ ವಿಷಯದಲ್ಲಿ ಬುಶ್‌ರನ್ನು ಎಷ್ಟು ಕಠಿಣವಾಗಿ ಟೀಕಿಸಿದರೂ ಕಡಿಮೆಯೇ. ಆದರೆ ಈ ಒಂದು ಸತ್ಯವನ್ನು ಮುಚ್ಚಿಡುವುದು ನ್ಯಾಯವಾಗದು.

ಹಾಗೆಂದು ಆ ದಿನಗಳು ಶಾಂತವಾಗಿದ್ದುವೆಂದಲ್ಲ. ಎಫ್.ಬಿ.ಐ. ದಾಖಲೆಯ ಪ್ರಕಾರ ಮುಸ್ಲಿಮ್ ವಿರೋಧಿ ದ್ವೇಷಾಪರಾಧಗಳ ಸಂಖ್ಯೆ 2000ದಲ್ಲಿ 28 ಇದ್ದದ್ದು 2001ರಲ್ಲಿ 481ಕ್ಕೆ ಏರಿತು. ಅರಿಝೋನಾದ ಮೆಸಾದಲ್ಲಿ ಪೆಟ್ರೋಲ್ ಬಂಕ್ ನಡೆಸುತ್ತಿದ್ದ, ಭಾರತದಿಂದ ಹೋದ ಸಿಖ್ ಸಹೋದರರೊಬ್ಬರನ್ನು ಅವರ ಪೇಟ ಮತ್ತು ಗಡ್ಡ ನೋಡಿ ಗುಂಡಿಟ್ಟು ಕೊಲ್ಲಲಾಯಿತು. ದ್ವೇಷಕ್ಕೆ ವಿವೇಚನೆಯಿಲ್ಲ.

ಡಲ್ಲಾಸ್ ಪ್ರದೇಶದಲ್ಲಿ ಮಾರ್ಕ್ ಸ್ಟ್ರೋಮನ್ ಎಂಬಾತ ಸೇಡು ತೀರಿಸುವ ಹೆಸರಿನಲ್ಲಿ ಪಾಕಿಸ್ತಾನ ಮೂಲದ ಒಬ್ಬರನ್ನು ಮತ್ತು ಭಾರತ ಮೂಲದ ಒಬ್ಬರನ್ನು ಕೊಂದ. ಇವೆರಡು ಕೊಲೆಗಳ ನಡುವೆ ಬಾಂಗ್ಲಾದೇಶದ ಯುವಕ ರಯೀಸ್ ಭುಯಿಯಾನ್‌ರ ಮುಖಕ್ಕೆ ಗುಂಡು ಹಾರಿಸಿದ. ಭುಯಿಯಾನ್ ಬದುಕುಳಿದರು, ಆದರೆ ಒಂದು ಕಣ್ಣಿನ ದೃಷ್ಟಿ ಹೋಯಿತು. ಸ್ಟ್ರೋಮನ್‌ಗೆ ಮರಣದಂಡನೆ ನಿಗದಿಯಾದಾಗ ಅದನ್ನು ತಡೆಯಲು ನ್ಯಾಯಾಲಯದ ಮೆಟ್ಟಿಲೇರಿದವರು ಇದೇ ಭುಯಿಯಾನ್. ತನ್ನ ಧರ್ಮ ತನಗೆ ಕ್ಷಮೆಯನ್ನು ಕಲಿಸಿದೆ ಎಂದು ಅವರು ಬಹಿರಂಗವಾಗಿ ಹೇಳಿದರು. ಅವರ ಪ್ರಯತ್ನ ಫಲಿಸಲಿಲ್ಲ, 2011ರ ಜುಲೈ 20ರಂದು ಶಿಕ್ಷೆ ಜಾರಿಯಾಯಿತು. ಆದರೆ ಅನೇಕ ಅಮೇರಿಕನ್ನರು ಮುಸ್ಲಿಮನೊಬ್ಬನ ಇನ್ನೊಂದು ಚಿತ್ರವನ್ನು ಕಂಡದ್ದು ಆ ಒಬ್ಬ ವ್ಯಕ್ತಿಯ ಮೂಲಕ. ನೂರು ಹೇಳಿಕೆಗಳಿಗಿಂತ ಅದು ಹೆಚ್ಚು ಪರಿಣಾಮಕಾರಿಯಾಗಿತ್ತು.

ಭಯದ ಬಂಡವಾಳ

ಭಯವು ಒಮ್ಮೆ ಮನೆ ಮಾಡಿದರೆ ಅದನ್ನು ಬೇರೆ ಉದ್ದೇಶಗಳಿಗೆ ತಿರುಗಿಸುವುದು ಕಷ್ಟವಲ್ಲ. ಅದುವೇ 2002 ಮತ್ತು 2003ರಲ್ಲಿ ನಡೆಯಿತು. ಸೆಪ್ಟೆಂಬರ್ 11ರ ದಾಳಿಗೂ ಇರಾಕಿಗೂ ಸಂಬಂಧವಿರಲಿಲ್ಲ. ಆದರೆ ಭಾಷಣಗಳಲ್ಲಿ ಸದ್ದಾಮ್ ಹುಸೈನ್ ಮತ್ತು ಅಲ್‌ಖಾಯಿದಾದ ಹೆಸರುಗಳನ್ನು ಜೊತೆಜೊತೆಯಾಗಿ ಉಚ್ಚರಿಸಲಾಯಿತು. 2003ರ ಆಗಸ್ಟ್‌ನಲ್ಲಿ ವಾಷಿಂಗ್ಟನ್ ಪೋಸ್ಟ್ ನಡೆಸಿದ ಸಮೀಕ್ಷೆಯಲ್ಲಿ ಶೇ. 69 ಮಂದಿ, ಆ ದಾಳಿಯಲ್ಲಿ ಸದ್ದಾಮ್‌ನ ಕೈವಾಡವಿರುವ ಸಾಧ್ಯತೆ ಇದೆ ಎಂದು ನಂಬಿದ್ದರು. ಸುಳ್ಳನ್ನು ನೇರವಾಗಿ ಹೇಳಬೇಕೆಂದೇನೂ ಇಲ್ಲ, ಎರಡು ಹೆಸರುಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಉಳಿದದ್ದನ್ನು ಕೇಳುಗರ ಭಯವೇ ಪೂರ್ತಿ ಮಾಡುತ್ತದೆ.

ಆದರೂ ಈ ಬಾರಿ ವಿರೋಧ ಒಂಟಿಯಾಗಿರಲಿಲ್ಲ. 2002ರ ಅಕ್ಟೋಬರ್‌ನಲ್ಲಿ ಇರಾಕ್ ನಿರ್ಣಯದ ವಿರುದ್ಧ ಕೆಳಮನೆಯಲ್ಲಿ 133 ಮಂದಿ, ಸೆನೆಟ್‌ನಲ್ಲಿ 23 ಮಂದಿ ಮತ ಹಾಕಿದರು. ಅವರಲ್ಲಿ ಬಹುತೇಕರು ಡೆಮಾಕ್ರಾಟರು. 2003ರ ಫೆಬ್ರವರಿ 15ರಂದು ಜಗತ್ತಿನಾದ್ಯಂತ ಯುದ್ಧವಿರೋಧಿ ಮೆರವಣಿಗೆಗಳು ನಡೆದಾಗ ನ್ಯೂಯಾರ್ಕಿನ ಬೀದಿಗಳಲ್ಲೂ ಲಕ್ಷಾಂತರ ಜನರು ಸೇರಿದರು. ದಾಳಿಗೊಳಗಾದ ನಗರದವರೇ ಯುದ್ಧ ಬೇಡವೆಂದರು. ಸರಕಾರ ಕೇಳಲಿಲ್ಲ. ಮಾರ್ಚ್‌ನಲ್ಲಿ ಆಕ್ರಮಣ ಆರಂಭವಾದಾಗ ಎಪ್ಪತ್ತಕ್ಕಿಂತ ಹೆಚ್ಚು ಶೇಕಡಾ ಜನರು ಅದನ್ನು ಬೆಂಬಲಿಸಿದರು. ಸಮೂಹನಾಶದ ಅಸ್ತ್ರಗಳು ಸಿಗಲಿಲ್ಲ. 2004ರ ಎಪ್ರಿಲ್‌ನಲ್ಲಿ ಅಬೂಗುರೈಬ್ ಜೈಲಿನ ಚಿತ್ರಗಳು ಹೊರಬಂದವು. ಅವುಗಳನ್ನು ಜಗತ್ತಿನ ಮುಂದಿಟ್ಟದ್ದೂ ಅಮೇರಿಕದ ಪತ್ರಕರ್ತರೇ. ಅದೇ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಅಸ್ತ್ರಗಳ ಕುರಿತ ತನ್ನ ವರದಿಗಾರಿಕೆಯಲ್ಲಿ ಲೋಪವಾಗಿದೆಯೆಂದು ಓದುಗರ ಮುಂದೆ ಒಪ್ಪಿಕೊಂಡಿತು. 2008ರ ವೇಳೆಗೆ ಯುದ್ಧ ತಪ್ಪಾಗಿತ್ತು ಎನ್ನುವವರ ಪ್ರಮಾಣ ಗ್ಯಾಲಪ್ ಪ್ರಕಾರ ಶೇ. 63ಕ್ಕೆ ತಲುಪಿತು. ಅಷ್ಟರಲ್ಲಿ ಇರಾಕಿನ ಲಕ್ಷಾಂತರ ಮಂದಿ ಮತ್ತು ನಾಲ್ಕು ಸಾವಿರಕ್ಕೂ ಹೆಚ್ಚು ಅಮೇರಿಕನ್ ಸೈನಿಕರು ಮಣ್ಣು ಸೇರಿದ್ದರು. ಜನಾಭಿಪ್ರಾಯ ಬದಲಾಯಿತು, ಸತ್ತವರು ಮರಳಿ ಬರಲಿಲ್ಲ.

ಪಕ್ಷವಾರು ಹಂಚಿಹೋದ ಅಭಿಪ್ರಾಯ

ಯುದ್ಧದ ಕುರಿತಾದ ಭಿನ್ನಾಭಿಪ್ರಾಯವು ಕ್ರಮೇಣ ಮುಸ್ಲಿಮರ ಕುರಿತಾದ ಭಿನ್ನಾಭಿಪ್ರಾಯವಾಗಿ ಬೆಳೆಯಿತು. 2008ರ ಚುನಾವಣೆಯಲ್ಲಿ ಬರಾಕ್ ಒಬಾಮ ಗುಪ್ತವಾಗಿ ಮುಸ್ಲಿಮ್ ಎಂಬ ವದಂತಿಯನ್ನು ಹರಡಲಾಯಿತು. ಅವರು ಕ್ರೈಸ್ತರು ಎಂದು ಅನೇಕರು ಉತ್ತರಿಸಿದರು. ಆದರೆ ಒಂದು ವೇಳೆ ಅವರು ಮುಸ್ಲಿಮರಾಗಿದ್ದರೂ ಅದರಲ್ಲಿ ತಪ್ಪೇನು ಎಂದು ಕೇಳಿದವರು ಕೋಲಿನ್ ಪವೆಲ್. ಇರಾಕಿನಲ್ಲಿ ಪ್ರಾಣ ಕಳಕೊಂಡು ಆರ್ಲಿಂಗ್ಟನ್ ಸ್ಮಶಾನದಲ್ಲಿ ಮಲಗಿರುವ ಮುಸ್ಲಿಮ್ ಸೈನಿಕನೊಬ್ಬನ ಸಮಾಧಿಯನ್ನು ಅವರು ನೆನಪಿಸಿದರು. ಇದೇ ಪವೆಲ್ 2003ರಲ್ಲಿ ವಿಶ್ವಸಂಸ್ಥೆಯ ಮುಂದೆ ಇರಾಕಿನ ಇಲ್ಲದ ಅಸ್ತ್ರಗಳ ಬಗ್ಗೆ ವಾದ ಮಂಡಿಸಿದವರು. ಒಬ್ಬನೇ ಮನುಷ್ಯ ಒಮ್ಮೆ ಅನ್ಯಾಯದ ಸಾಧನವಾಗಿ, ಇನ್ನೊಮ್ಮೆ ನ್ಯಾಯದ ಧ್ವನಿಯಾಗಿ ನಮಗೆ ಕಾಣುತ್ತಾನೆ. ಜನರನ್ನು ಒಮ್ಮೆಲೇ ತೂಗಿ ಮುಗಿಸಿಬಿಡುವವರು ಇದನ್ನು ಗಮನಿಸಬೇಕು.

2010ರಲ್ಲಿ, ಮಧ್ಯಂತರ ಚುನಾವಣೆಗೆ ಕೆಲವೇ ತಿಂಗಳಿರುವಾಗ, ನ್ಯೂಯಾರ್ಕಿನಲ್ಲಿ ಉದ್ದೇಶಿಸಲಾಗಿದ್ದ ಇಸ್ಲಾಮಿಕ್ ಕೇಂದ್ರವೊಂದರ ವಿರುದ್ಧ ದೇಶವ್ಯಾಪಿ ಗದ್ದಲವೆದ್ದಿತು. ಆ ನಗರದ ಯಹೂದಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಕೇಂದ್ರದ ಹಕ್ಕನ್ನು ಸಮರ್ಥಿಸಿದರು. 2015ರ ಡಿಸೆಂಬರ್ 2ರಂದು ಸ್ಯಾನ್ ಬರ್ನಾರ್ಡಿನೋದಲ್ಲಿ ಮುಸ್ಲಿಮ್ ದಂಪತಿಗಳು 14 ಮಂದಿಯನ್ನು ಕೊಂದ ಹೇಯ ಕೃತ್ಯ ನಡೆಯಿತು. ಐದೇ ದಿನಗಳಲ್ಲಿ ಡೊನಾಲ್ಡ್ ಟ್ರಂಪ್, ಮುಸ್ಲಿಮರ ಪ್ರವೇಶವನ್ನೇ ಪೂರ್ತಿಯಾಗಿ ನಿಲ್ಲಿಸಬೇಕೆಂದು ಘೋಷಿಸಿದರು. 2017ರ ಜನವರಿ 27ರಂದು ಅಧ್ಯಕ್ಷರಾಗಿ ಏಳು ಮುಸ್ಲಿಮ್ ಬಹುಸಂಖ್ಯಾತ ದೇಶಗಳ ಜನರನ್ನು ತಡೆಯುವ ಆದೇಶ ಹೊರಡಿಸಿದರು. ಮರುದಿನವೇ ಸಾವಿರಾರು ಅಮೇರಿಕನ್ನರು ವಿಮಾನ ನಿಲ್ದಾಣಗಳಿಗೆ ಧಾವಿಸಿದರು. ವಕೀಲರು ನೆಲದ ಮೇಲೆ ಕುಳಿತು, ಪರಿಚಯವೇ ಇಲ್ಲದ ಪ್ರಯಾಣಿಕರಿಗಾಗಿ ಅರ್ಜಿಗಳನ್ನು ಬರೆದರು. ಪರಿಷ್ಕೃತ ಆದೇಶವನ್ನು 2018ರ ಜೂನ್‌ನಲ್ಲಿ ಸುಪ್ರೀಮ್ ಕೋರ್ಟ್ 5-4ರ ಬಹುಮತದಿಂದ ಎತ್ತಿಹಿಡಿಯಿತು. 2021ರಲ್ಲಿ ಜೋ ಬೈಡನ್ ಅದನ್ನು ರದ್ದುಪಡಿಸಿದರು. 2025ರ ಜೂನ್‌ನಲ್ಲಿ ಟ್ರಂಪ್ ಬೇರೊಂದು ಪಟ್ಟಿಯೊಂದಿಗೆ ಅಂತಹದೇ ನಿರ್ಬಂಧವನ್ನು ಮರಳಿ ತಂದರು. ಒಂದು ಕುಟುಂಬವು ಒಟ್ಟಿಗೆ ಬಾಳಬಹುದೇ ಇಲ್ಲವೇ ಎಂಬುದು ಯಾವ ಪಕ್ಷ ಗೆದ್ದಿತು ಎಂಬುದನ್ನು ಅವಲಂಬಿಸುವಂತಾಯಿತು.

ಇದರ ಪರಿಣಾಮ ಸಮೀಕ್ಷೆಗಳಲ್ಲಿ ಸ್ಪಷ್ಟವಾಗಿದೆ. ಇತರ ಧರ್ಮಗಳಿಗಿಂತ ಇಸ್ಲಾಮ್ ಹಿಂಸೆಯನ್ನು ಹೆಚ್ಚು ಪ್ರಚೋದಿಸುತ್ತದೆ ಎಂದವರು 2002ರ ಮಾರ್ಚ್‌ನಲ್ಲಿ, ಅಂದರೆ ದಾಳಿಯಾದ ಆರೇ ತಿಂಗಳಲ್ಲಿ, ಪ್ಯೂ ಪ್ರಕಾರ ಶೇ. 25 ಮಾತ್ರ. 2021ರಲ್ಲಿ ಅದು ಶೇ. 50. ಆಗ ಎರಡು ಪಕ್ಷಗಳ ನಡುವಿನ ಅಂತರ ಸಣ್ಣದಿತ್ತು. ಇಪ್ಪತ್ತು ವರ್ಷಗಳ ನಂತರ ರಿಪಬ್ಲಿಕನ್ನರಲ್ಲಿ ಸುಮಾರು ಎಪ್ಪತ್ತು ಶೇಕಡಾ ಮಂದಿ ಹಾಗೆಂದರೆ ಡೆಮಾಕ್ರಾಟರಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಹಾಗೆ ಹೇಳಿದರು. ಗಾಯ ಹಸಿಯಾಗಿದ್ದಾಗ ಕಡಿಮೆಯಿದ್ದ ಅಪನಂಬಿಕೆ, ಗಾಯ ಮಾಗಿದ ಬಳಿಕ ಹೆಚ್ಚಿತೆಂದರೆ ಅರ್ಥವೇನು? ಅದು ಘಟನೆಯಿಂದ ಮಾತ್ರ ಹುಟ್ಟಿದ್ದಲ್ಲ. ನಂತರದ ಕೃತ್ಯಗಳು ಅದಕ್ಕೆ ಎಣ್ಣೆ ಎರೆದದ್ದು ನಿಜ. ಆದರೆ ಎರಡೂ ಪಕ್ಷದವರು ನೋಡಿದ್ದು ಅವೇ ಕೃತ್ಯಗಳನ್ನು. ಅವರವರ ನಾಯಕರು ಮತ್ತು ಚಾನೆಲ್‌ಗಳು ಕೊಟ್ಟ ಅರ್ಥ ಮಾತ್ರ ಬೇರೆಬೇರೆ.

ಮನೆಯೊಳಗಿನ ಬೆಂಕಿ

ಒಂದು ಸಮುದಾಯದ ಕಡೆಗೆ ತೋರಿದ ಬೆರಳು ಕೊನೆಗೆ ತಮ್ಮ ತಮ್ಮೊಳಗೇ ತಿರುಗಿತು. 2015ರಲ್ಲಿ ಚಾರ್ಲ್ಸ್‌ಟನ್ನಿನ ಇಗರ್ಜಿಯಲ್ಲಿ ಒಂಬತ್ತು ಮಂದಿ ಕರಿಯರು, 2018ರಲ್ಲಿ ಪಿಟ್ಸ್‌ಬರ್ಗಿನ ಸಿನಗಾಗ್‌ನಲ್ಲಿ 11 ಮಂದಿ ಯಹೂದಿಗಳು, 2019ರಲ್ಲಿ ಎಲ್ ಪಾಸೋದಲ್ಲಿ 23 ಮಂದಿ ಬಿಳಿಯ ಜನಾಂಗವಾದಿಗಳ ಗುಂಡಿಗೆ ಬಲಿಯಾದರು. ಪಿಟ್ಸ್‌ಬರ್ಗಿನ ಸಂತ್ರಸ್ತರಿಗಾಗಿ ಅಮೇರಿಕದ ಮುಸ್ಲಿಮರು ಎರಡು ಲಕ್ಷ ಡಾಲರ್‌ಗಿಂತಲೂ ಹೆಚ್ಚು ಹಣ ಸಂಗ್ರಹಿಸಿ ಕೊಟ್ಟದ್ದನ್ನು ಇಲ್ಲಿ ನೆನಪಿಸಬೇಕು.

2021ರ ಜನವರಿ 6ರಂದು ಸೋತ ಅಧ್ಯಕ್ಷರ ಬೆಂಬಲಿಗರು ಸಂಸತ್ ಭವನಕ್ಕೆ ನುಗ್ಗಿದರು. ಸುಮಾರು 140 ಪೋಲೀಸರು ಗಾಯಗೊಂಡರು. ಟ್ರಂಪ್ ಅವರೇ ನೇಮಿಸಿದ್ದ ಎಫ್.ಬಿ.ಐ. ನಿರ್ದೇಶಕ ಕ್ರಿಸ್ಟೋಫರ್ ರೇ ಅದನ್ನು ದೇಶದೊಳಗಿನ ಭಯೋತ್ಪಾದನೆ ಎಂದರು. ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಝ್ ಕೂಡ ಒಂದು ವರ್ಷದ ಬಳಿಕ ಅದನ್ನು ಭಯೋತ್ಪಾದಕ ದಾಳಿ ಎಂದರು. ಮರುದಿನವೇ ಟಿ.ವಿ.ಯಲ್ಲಿ ಕಾಣಿಸಿಕೊಂಡು ಆ ಪದ ಬಳಸಿದ್ದಕ್ಕಾಗಿ ತಮ್ಮ ಪಕ್ಷದವರ ಮುಂದೆ ವಿಷಾದಿಸಿದರು. 2025ರ ಜನವರಿ 20ರಂದು ಮತ್ತೆ ಅಧಿಕಾರಕ್ಕೇರಿದ ಟ್ರಂಪ್, ಈ ಪ್ರಕರಣದ ಸುಮಾರು 1500 ಮಂದಿಗೆ ಕ್ಷಮಾದಾನ ನೀಡಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ‘ಆಂಟಿಫಾ’ ಎಂಬ ಎಡಪಂಥೀಯ ಚಳುವಳಿಯನ್ನು ಭಯೋತ್ಪಾದಕ ಸಂಘಟನೆಯೆಂದು ಘೋಷಿಸಿದರು. ಒಂದು ಪದದ ಅರ್ಥವು ಕೃತ್ಯದಿಂದಲ್ಲ, ಕೃತ್ಯ ಎಸಗಿದವನು ಯಾವ ಪಕ್ಷದವನು ಎಂಬುದರಿಂದ ನಿರ್ಧಾರವಾಗತೊಡಗಿದರೆ ಆ ಪದಕ್ಕೆ ನ್ಯಾಯದೊಂದಿಗಿನ ಸಂಬಂಧವೇ ಕಡಿದುಹೋಗುತ್ತದೆ.

ಹಿಂಸೆ ಒಂದೇ ಕಡೆಯದ್ದಲ್ಲ. 2024ರ ಜುಲೈ 13ರಂದು ಟ್ರಂಪ್ ಮೇಲೆಯೇ ಗುಂಡು ಹಾರಿತು. 2025ರ ಜೂನ್‌ನಲ್ಲಿ ಮಿನೆಸೋಟದ ಡೆಮಾಕ್ರಾಟ್ ಶಾಸಕಿ ಮೆಲಿಸ್ಸಾ ಹಾರ್ಟ್‌ಮನ್ ಮತ್ತು ಅವರ ಪತಿಯನ್ನು ಅವರ ಮನೆಯಲ್ಲೇ ಕೊಲ್ಲಲಾಯಿತು. ಸೆಪ್ಟೆಂಬರ್‌ನಲ್ಲಿ ಬಲಪಂಥೀಯ ವಾಗ್ಮಿ ಚಾರ್ಲಿ ಕಿರ್ಕ್ ಯೂಟಾದ ವಿಶ್ವವಿದ್ಯಾಲಯವೊಂದರಲ್ಲಿ ಗುಂಡಿಗೆ ಬಲಿಯಾದರು. ಇಬ್ಬರ ಸಾವಿಗೂ ಮರುಗುವ ಬದಲು ತನ್ನ ಪಕ್ಷದ ಸಾವಿಗೆ ಮಾತ್ರ ಮರುಗುವವರು ಎರಡೂ ಕಡೆಗಳಲ್ಲಿ ಕಂಡುಬಂದರು.

ಇಲ್ಲಿ ನಮ್ಮ ಪರೀಕ್ಷೆಯೂ ಇದೆ. 2023ರ ಅಕ್ಟೋಬರ್‌ನಲ್ಲಿ ಇಲಿನಾಯ್ ರಾಜ್ಯದಲ್ಲಿ ಆರು ವರ್ಷದ ಫೆಲೆಸ್ತೀನಿ ಮೂಲದ ಬಾಲಕನನ್ನು ಮನೆ ಮಾಲಿಕನೇ ಇರಿದು ಕೊಂದಾಗ ನಮ್ಮ ಕರುಳು ಹಿಂಡಿತು. 2025ರ ಮೇ ತಿಂಗಳಲ್ಲಿ ವಾಷಿಂಗ್ಟನ್ನಿನಲ್ಲಿ ಇಸ್ರೇಲ್ ರಾಯಭಾರ ಕಚೇರಿಯ ಇಬ್ಬರು ಯುವ ಸಿಬ್ಬಂದಿಯನ್ನು ಫೆಲೆಸ್ತೀನಿನ ಹೆಸರೆತ್ತಿ ಗುಂಡಿಟ್ಟು ಕೊಂದಾಗ ನಮ್ಮ ಮಾತು ಅಷ್ಟೇ ಸ್ಪಷ್ಟವಾಗಿತ್ತೇ? ಗಾಝಾದ ಮಕ್ಕಳ ಮೇಲಿನ ದೌರ್ಜನ್ಯವನ್ನು ಖಂಡಿಸುವ ನಮ್ಮ ಧ್ವನಿಗೆ ಬಲ ಬರುವುದು, ನಾವು ಈ ಎರಡನೆಯ ಕೊಲೆಯನ್ನೂ ಕೊಲೆಯೆಂದೇ ಕರೆದಾಗ. ಒಂದು ಜನರ ಮೇಲಿನ ಸಿಟ್ಟು ನಮ್ಮನ್ನು ನ್ಯಾಯದ ಹಾದಿಯಿಂದ ಕದಲಿಸಬಾರದೆಂಬುದು ನಮಗೆ ಕಲಿಸಲಾಗಿರುವ ಪಾಠವಲ್ಲವೇ?

ನಮಗಿರುವ ಪಾಠ

ಸಹೋದರ ಸಹೋದರಿಯರೇ, ಜನಾಭಿಪ್ರಾಯವೆಂಬುದು ಬಂಡೆಯಲ್ಲ. ಒಂದು ಒಳ್ಳೆಯ ಮಾತಿನಿಂದ 2001ರಲ್ಲಿ ಅದು ಮೆತ್ತಗಾಯಿತು. ವರ್ಷಗಟ್ಟಲೆ ನಡೆದ ಪ್ರಚಾರದಿಂದ ಗಟ್ಟಿಯಾಯಿತು. ದ್ವೇಷವನ್ನು ಬಿತ್ತಲು ಸಾಧ್ಯವೆಂದಾದರೆ ವಿಶ್ವಾಸವನ್ನು ಬಿತ್ತಲೂ ಸಾಧ್ಯ. ಅಮೇರಿಕದ ಜನಸಂಖ್ಯೆಯಲ್ಲಿ ಮುಸ್ಲಿಮರು ಸುಮಾರು ಶೇ. 1 ಮಾತ್ರ. ಮುಸ್ಲಿಮನೊಬ್ಬನನ್ನು ವೈಯಕ್ತಿಕವಾಗಿ ಬಲ್ಲ ಅಮೇರಿಕನ್ನರಲ್ಲಿ ಮುಸ್ಲಿಮರ ಕುರಿತು ಹೆಚ್ಚು ಸದಭಿಪ್ರಾಯವಿದೆಯೆಂದು ಪ್ಯೂ ಸಮೀಕ್ಷೆಗಳು ಪದೇಪದೇ ತಿಳಿಸಿವೆ. ನೆರೆಮನೆಯವನ ಪರಿಚಯವಿರುವವನಿಗೆ ಟಿ.ವಿ.ಯ ಮಾತನ್ನು ಅಳೆದು ನೋಡಲು ಒಂದು ಆಧಾರವಿರುತ್ತದೆ.

2025ರ ನವೆಂಬರ್ 4ರಂದು ನ್ಯೂಯಾರ್ಕಿನ ಜನರು ಝೊಹ್ರಾನ್ ಮಮ್ದಾನಿಯವರನ್ನು ಮೇಯರ್ ಆಗಿ ಆರಿಸಿದರು. ಭಾರತೀಯ ಮೂಲದ ತಂದೆತಾಯಿಗೆ ಉಗಾಂಡದಲ್ಲಿ ಹುಟ್ಟಿದ, ತನ್ನನ್ನು ಮುಸ್ಲಿಮನೆಂದು ಬಹಿರಂಗವಾಗಿ ಹೇಳಿಕೊಳ್ಳುವ ಯುವಕ ಅವರು. ಪ್ರಚಾರದ ವೇಳೆ 2001ರ ದಾಳಿಯ ನೆನಪನ್ನು ಅವರ ವಿರುದ್ಧ ಬಳಸಲಾಯಿತು. ಆದರೂ ಆ ಅವಳಿ ಕಟ್ಟಡಗಳು ಉರುಳಿದ ನಗರದ ಹತ್ತು ಲಕ್ಷಕ್ಕೂ ಹೆಚ್ಚು ಮತದಾರರು, ಅವರಲ್ಲಿ ಬಹುತೇಕರು ಮುಸ್ಲಿಮೇತರರು, ಅವರಿಗೆ ಮತ ನೀಡಿದರು. ಮನೆ ಬಾಡಿಗೆ, ಬಸ್ಸಿನ ದರ, ಮಕ್ಕಳ ಪಾಲನೆಯ ಖರ್ಚು ಅವರ ಪ್ರಚಾರದ ವಿಷಯಗಳಾಗಿದ್ದುವು. ಎಲ್ಲರ ಸಂಕಷ್ಟದ ಬಗ್ಗೆ ಮಾತಾಡಿದವನನ್ನು ಜನರು ತಮ್ಮವನೆಂದು ಸ್ವೀಕರಿಸಿದರು. ಅವರ ಎಲ್ಲ ನಿಲುವುಗಳನ್ನು ನಾವು ಒಪ್ಪಬೇಕೆಂದಿಲ್ಲ. ಆದರೆ ಈ ಒಂದು ಅಂಶವನ್ನು ಗಮನಿಸಬೇಕು.

ಅಮೇರಿಕವನ್ನು ಹೊಗಳುವುದು ಇಂದಿನ ಮಾತಿನ ಉದ್ದೇಶವಲ್ಲ. ಗ್ವಾಂಟನಾಮೋ ಜೈಲು 2002ರ ಜನವರಿಯಲ್ಲಿ ತೆರೆಯಲ್ಪಟ್ಟಿತು. ವಿಚಾರಣೆಯೇ ಇಲ್ಲದೆ ಅಲ್ಲಿ ವರ್ಷಗಳನ್ನು ಕಳೆದವರ ಕಣ್ಣೀರಿಗೆ ಲೆಕ್ಕ ಕೊಟ್ಟವರಿಲ್ಲ. ಅದನ್ನು ನಾವು ಹೇಳುತ್ತಲೇ ಇರಬೇಕು. ಅದೇ ವೇಳೆ ಬಾರ್ಬರಾ ಲೀ ಅವರ ಒಂದು ಮತವನ್ನೂ, ವಿಮಾನ ನಿಲ್ದಾಣದ ನೆಲದ ಮೇಲೆ ಕುಳಿತ ವಕೀಲರನ್ನೂ ನಮ್ಮ ಮಕ್ಕಳಿಗೆ ತಿಳಿಸಬೇಕು. ಮನೆಯಲ್ಲಿ ಊಟಕ್ಕೆ ಕುಳಿತಾಗ ‘ಅವರೆಲ್ಲ ಹಾಗೆಯೇ’ ಎಂಬ ಮಾತು ನಮ್ಮ ಬಾಯಿಂದ ಬಂದರೆ, ನಮ್ಮ ಬಗ್ಗೆ ಅದೇ ಮಾತನ್ನಾಡುವವನನ್ನು ಪ್ರಶ್ನಿಸುವ ನೈತಿಕ ಹಕ್ಕನ್ನು ನಾವು ಅಲ್ಲಿಯೇ ಕಳಕೊಳ್ಳುತ್ತೇವೆ. ಯಾರ ಬಗ್ಗೆಯೇ ಆಗಲಿ, ಆ ಮಾತನ್ನು ಆಡದಿರುವ ನಿರ್ಧಾರದೊಂದಿಗೆ ನಾವು ಇಲ್ಲಿಂದ ಮನೆಗೆ ಮರಳೋಣ.